ಪಡುವಣ ಗೋಡೆಯ ಗೆರೆ

"ಶಾಂತರಾಜು... ನೀವಾ?"

ಸಾರಣೆ ಹಚ್ಚುತ್ತಿದ್ದವನ ಕೈ ತಟ್ಟನೆ ನಿಂತಿತು. ತಿರುಗಿ ಮಾತ್ರ ನೋಡಲಿಲ್ಲ.

ಚಾಮರಾಜನಗರದ ಹೊರಗಿರುವ ಆ ವಿಶ್ವವಿದ್ಯಾಲಯದ ಲೈಬ್ರರಿಗೆ ಐವತ್ತು ವರ್ಷ. ಮೊನ್ನೆಯವರೆಗೂ ಬಣ್ಣವಿರಲಿಲ್ಲ, ಸಾರಣೆಯಿರಲಿಲ್ಲ, ಬರೀ ಕಾಂಕ್ರೀಟು! ಎರಕ ಹೊಯ್ದಾಗ ಕಟ್ಟಿದ್ದ ಹಲಗೆಗಳ ನಾರು ನಾರೂ ಗೋಡೆಯ ಮೇಲೆ ಅಚ್ಚಾಗಿತ್ತು. ಊರಿನವರು ಇವತ್ತಿಗೂ ಅದನ್ನು 'ಅರ್ಧಕ್ಕೆ ಬುಟ್ಟ ಬಿಲ್ಡಿಂಗು' ಎನ್ನುತ್ತಾರೆ.

ಗುಂಡ್ಲುಪೇಟೆಯ ಆರ್ಕಿಟೆಕ್ಟ್ ವನಿತಾ ಹೋದ ವರ್ಷ ದುರಸ್ತಿಯ ರಿಪೋರ್ಟಿಗಾಗಿ ಅದನ್ನು ಅಳೆಯಲು ಬಂದಾಗ ಟೇಪಿನ ಇನ್ನೊಂದು ತುದಿ ಹಿಡಿದವನು ಪುಣಜನೂರಿನ ಈ ಮೇಸ್ತ್ರಿ ಶಾಂತರಾಜು. ಮೂರು ತಿಂಗಳು ಕಟ್ಟಡಕ್ಕಿಂತ ಅವನನ್ನೇ ಹೆಚ್ಚು ನೋಡಿದ್ದಳು ಹುಡುಗಿ! ಮನೆಯಲ್ಲಿ ಮದುವೆಯ ಮಾತೆತ್ತಬೇಕು ಎನ್ನುವಷ್ಟರಲ್ಲಿ ಅವನು ಫೋನೆತ್ತುವುದನ್ನೇ ಬಿಟ್ಟ.

"ಏಳು ತಿಂಗಳು! ನಾನೇನು ತಪ್ಪು ಮಾಡಿದ್ದೆ?"

"ನಿಮ್ ರಿಪೋರ್ಟ್‌ನಲ್ಲೇ ಅದೆ, ಓದ್ಕಳಿ ಮೇಡಂ."

ಮೇಡಂ!

"ಪಡುವಣ ಗೋಡೇಲಿ ಗೆರೆ ಅದೆ, ಕೂಲಿಯವರ ಬೇಜವಾಬ್ದಾರಿಯಿಂದ ಎರಕ ಅರ್ಧಕ್ಕೆ ನಿಂತದೆ, ಸಾರಣೆ ಮಾಡಿ ಮುಚ್ಚಿ ಅಂತ ಬರ್ದಿದ್ರಿ. ಯಾಕ್ ನಿಂತ್ತು ಅಂತ ಯಾರ್ನಾದ್ರೂ ಕೇಳುದ್ರಾ?"

ಎರಕವನ್ನು ನಡುವೆ ನಿಲ್ಲಿಸಿದರೆ ಗೆರೆ ಬೀಳುತ್ತದೆ. ಅವಳು ಓದಿದ್ದು ಅಷ್ಟೇ.

"ಇದ್ನ ಕಟ್ಟುವಾಗ ನಮ್ಮಜ್ಜಿ ಚಿಕ್ಕನಿಂಗಮ್ಮ ಕಾಂಕ್ರೀಟಿನ ಬಾಂಡ್ಲಿ ಹೊತ್ಕಂಡು ಸಾರುವೆಯಿಂದ ಬಿದ್ದು ಸತ್ಲು. ಎರಕ ನಿಲ್ಲುಸ್ಬ್ಯಾಡಿ ಅಂತ ಕಂಟ್ರಾಕ್ಟರು ಕೂಗ್ದ. ಹೆಂಗಸ್ರೆಲ್ಲ ಬಾಂಡ್ಲಿ ಇಳ್ಸಿ ಅವಳ ಸುತ್ತ ಕುಂತ್ಕಬುಟ್ರು. ಅದ್ಕೇ ಆ ಗೆರೆ. ಅವಳ್ದು ಅಂತ ಇದ್ದುದ್ದು ಅದೊಂದೇ, ಒಂದು ಫೋಟಾನೂ ಇಲ್ಲ..."

"ಅಯ್ಯೋ, ನಿಲ್ಲಿಸಿ! ತಪ್ಪಾಯ್ತು ಅಂತ ಈಗಲೇ ಬರೆದುಕೊಡ್ತೀನಿ!"

"ಬೆಳಿಗ್ಗೇನೇ ಮುಚ್ಚೋಯ್ತು. ನಾನೇ ಮುಚ್ಚುದ್ದು. ಇನ್ನೊಬ್ರ ಕೈಲಿ ಮುಚ್ಚುಸಕ್ಕೆ ಮನ್ಸು ಬರ್ನಿಲ್ಲ."

"ಕೆರೆದು ತೆಗೆಯೋಣ..."

"ಸಾರಣೆ ಹಿಡೀಲಿ ಅಂತ ಗೋಡೆನ ಮೊದ್ಲೇ ಉಳೀಲಿ ಕೊಚ್ಚಾಯ್ತು. ಕಿತ್ರೂ ಏನೂ ಸಿಕ್ಕಲ್ಲ."

ಯಾರನ್ನೂ ಕೇಳದೆ ಬರೆದ ಒಂದೇ ಒಂದು ಸಾಲು! ವನಿತಾ ಮರಳಿನ ಗುಡ್ಡೆಯ ಮೇಲೆ ಕುಸಿದು ಬಿಕ್ಕಿದಳು.

"ಅವತ್ತೇ ಯಾಕೆ ಹೇಳಲಿಲ್ಲ?"

"ಕೂಲಿಯವಳ ಮೊಮ್ಮಗ ಅಂತ ಗೊತ್ತಾಗೋಯ್ತದೆ ಅಂತ ನಾಚ್ಕೆ ಆಯ್ತು. ಸತ್ತೋದ ಅಜ್ಜಿ ಬಗ್ಗೆ ನಾಚ್ಕೆ ಪಟ್ಬುಟ್ಟೆ... ನಿಮ್ಗಿಂತ ನನ್ ಮ್ಯಾಲೇ ಸಿಟ್ಟು."

ಅವಳು ಕಣ್ಣೊರೆಸಿಕೊಂಡಳು. "ನಿನ್ನನ್ನ ಇನ್ನೂ ಪ್ರೀತಿಸ್ತೀನಿ. ಬೇಡ ಅಂದ್ರೆ ಹೇಳು, ಎದ್ದು ಹೋಗ್ತೀನಿ."

ಅವನು ಕರಣೆ ಕೆಳಗಿಟ್ಟ. ಆಮೇಲೆ ಬಂದು ಪಕ್ಕದಲ್ಲಿ ಕುಳಿತ.

"ಓಗ್ಬ್ಯಾಡ. ಆದ್ರೆ ಈ ಗೋಡೆ ನೋಡ್ದಾಗೆಲ್ಲ ನಿನ್ ಮ್ಯಾಲೆ ಸಿಟ್ಟು ಬತ್ತದೆ ಕಣಮ್ಮಿ."

"ಬರಲಿ. ಬೈಯಿ. ಮಾತು ಮಾತ್ರ ಬಿಡಬೇಡ."

"ಬೈದ್ರೆ ಅಳ್ತೀಯ."

"ಅಳ್ತೀನಿ... ಆದ್ರೂ ಬೈಯಿ."