ಹಾಡುಗಾರ ಹೊಡೆದ ಏಟು

ವೆಹಿದ್‌ನನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದಾಗ ಅವನ ಬಾಯಲ್ಲಿ ಎರಡು ಮುಂಬಲ್ಲು ಇರಲಿಲ್ಲ. ಅಂಗಿಯ ತುಂಬ ರಕ್ತ.

ಬೆಳಗಿನ ಒಂಬತ್ತು ಗಂಟೆ. ನಮ್ಮೂರು ಜೆನಿತ್ಸಾದ ಮೇಲೆ ಉಕ್ಕಿನ ಕಾರ್ಖಾನೆಯ ಹೊಗೆ ಎಂದಿನಂತೆ ಕೂತಿತ್ತು. ಡಾಕ್ಟರ್ ಝಿನೇತಾ ಅವರ ಕ್ಲಿನಿಕ್ಕಿನಲ್ಲಿ ಹಲ್ಲು ಕಟ್ಟುವ ಕೆಲಸ ನನ್ನದು. ಬಾಯಿಗೆ ಟವೆಲ್ ಒತ್ತಿಕೊಂಡು ಒಳಬಂದವನ ಗುರುತು ತಕ್ಷಣ ಸಿಕ್ಕಿತು. ರ‍್ಯಾಪರ್ ಶ್ಲಾಕಾ! ಶ್ಲಾಕಾ ಅಂದರೆ ಕುಲುಮೆ ಹೊರಗೆ ಚೆಲ್ಲುವ ಕಿಟ್ಟ. ಗಣಿ ಕೆಲಸಗಾರನ ಮಗ ವೆಹಿದ್ ತನಗೆ ತಾನೇ ಇಟ್ಟುಕೊಂಡ ಹೆಸರು ಅದು.

"ಯಾರು ಹೊಡೆದಿದ್ದು?" ಅಂದೆ.

"ಮೂರು ಜನ. ಮುಖ ಮುಚ್ಕೊಂಡಿದ್ರು. ನನ್ನ ಹಾಡು ಇಷ್ಟ ಆಗ್ಲಿಲ್ವಂತೆ."

ಯಾವ ಹಾಡೆಂದು ಊರಿಗೆಲ್ಲ ಗೊತ್ತಿತ್ತು. ಹಿಂದಿನ ವರ್ಷ ಗಣಿಯ ಚಾವಣಿ ಕುಸಿದು ಐವರು ಸತ್ತಿದ್ದರು. ಕೊಳೆತ ಕಂಬ ಪೂರೈಸಿದ ಗುತ್ತಿಗೆದಾರ ಫಾಝ್ಲಿಚ್‌ನ ಹೆಸರನ್ನು ವೆಹಿದ್ ಹಾಡಿನಲ್ಲೇ ಕೂಗಿದ್ದ. ರೇಡಿಯೊದವರು ಅದನ್ನು ಮುಟ್ಟಲಿಲ್ಲ. ಆದರೆ ಊರಿನ ಪ್ರತಿ ಕಾರಿನಲ್ಲೂ ಅದೇ ಮೊಳಗುತ್ತಿತ್ತು. ವಿಯೆನ್ನಾ, ಫ್ರಾಂಕ್‌ಫರ್ಟಿನ ದೊಡ್ಡ ಹಾಲ್‌ಗಳಿಂದಲೂ ಅವನಿಗೆ ಕರೆ ಬಂದಿತ್ತು.

"ಬಾಯಿ ತೆರೀರಿ," ಅಂದೆ.

"ತೆರೆದಿದ್ದಕ್ಕೇ ಈ ಗತಿ."

ನಗು ತಡೆಯಲಾಗಲಿಲ್ಲ. ಅವನೂ ನಗಲು ಹೋಗಿ ನೋವಿಗೆ ಮುಖ ಕಿವುಚಿದ. ಆದರೂ ಕಣ್ಣು ಮಾತ್ರ ನನ್ನ ಮುಖದಿಂದ ಕದಲಲಿಲ್ಲ.

"ನಿಮ್ಮನ್ನ ಏನಂತ ಕರೀಲಿ?"

"ರುಸ್ಮಿರಾ."

"ರುತ್ಮಿರಾ... ಥತ್, ನಿಮ್ಮ ಹೆತರನ್ನೇ ಹಾಳು ಮಾಡಿದ್ರಲ್ಲ ಆ ನನ್ ಮಕ್ಕಳು!"

ಅವನು ಹೋದ ಮೇಲೆ ನಾನು ತೆಗೆದ ಅವನ ಹಲ್ಲಿನ ಅಚ್ಚು ದಿನವಿಡೀ ನನ್ನ ಅಂಗೈಯಲ್ಲಿತ್ತು. ಖಾಲಿ ಜಾಗದ ಪಕ್ಕದಲ್ಲಿ ಒಂದು ಓರೆ ಹಲ್ಲು. ಬೆರಳಿಗೆ ಅದರ ಅಂಚು ಬಾಯಿಪಾಠವಾಗಿಬಿಟ್ಟಿತು.

ಸಂಜೆ ಮನೆಯಲ್ಲಿ ಅಮ್ಮ ಬಿಸಿ ಪಿಟಾ ತಟ್ಟೆಗೆ ಹಾಕುತ್ತಿದ್ದಳು. ಅಣ್ಣ ಜೇವಾದ್ ಕೈ ಚಾಚಿದ. ಬೆರಳ ಗೆಣ್ಣಿನ ಮೇಲೆ ಹಸಿ ಗಾಯ. ಅದರ ತುದಿಯಲ್ಲಿ ಓರೆಯಾಗಿ ಆಳಕ್ಕಿಳಿದ ಒಂದು ಗುರುತು.

"ಏನಾಯ್ತೋ ಕೈಗೆ?"

"ಕಾರಿನ ಬಾಗಿಲಿಗೆ ಸಿಕ್ತು. ತಿನ್ನೇ ಸುಮ್ನೆ."

ಅಣ್ಣ ಫಾಝ್ಲಿಚ್‌ನ ಅಂಗರಕ್ಷಕ. ಅಪ್ಪ ಸತ್ತ ಮೇಲೆ ನನ್ನನ್ನು ಓದಿಸಿದ್ದೂ ಅದೇ ಕೈ. ಆ ಓರೆ ಗುರುತು ಯಾವ ಹಲ್ಲಿನದೆಂದು ತಿಳಿದು ತಟ್ಟೆ ಪಕ್ಕಕ್ಕೆ ಸರಿಸಿದೆ.

ನಾನು ಯಾರಿಗೂ ಹೇಳಲಿಲ್ಲ. ವೆಹಿದ್ ಅಳತೆಗೆಂದು ಮೂರು ಸಲ ಬಂದ. ನಾಲ್ಕನೆಯ ಸಲ ಬರಲು ಕಾರಣವೇ ಇರಲಿಲ್ಲ. ನಾನು ಕಟ್ಟಿದ ಹೊಸ ಹಲ್ಲು ಅಲುಗಾಡುತ್ತಿದೆ ಅಂದ. ಮುಟ್ಟಿ ನೋಡಿದೆ. ಬಂಡೆಯ ಹಾಗಿತ್ತು.

"ಸುಳ್ಳು ಹೇಳ್ತೀರಾ?"

"ಹಾಡಲ್ಲಿ ಹೇಳಲ್ಲ. ಕಾಫಿ ಕುಡಿಯೋಕೆ ಕರೆಯೋವಾಗ ಹೇಳ್ತೀನಿ."

ಬೋಸ್ನಾ ನದಿಯ ದಂಡೆಯ ಕಾಫಿ ಅಂಗಡಿಯಲ್ಲಿ ನಮ್ಮ 'ನೀವು' ಕರಗಿ 'ನೀನು' ಆಯಿತು. ಅವನು ನಕ್ಕಾಗಲೆಲ್ಲ ನನ್ನ ಎದೆಯೊಳಗೆ ಮುಳ್ಳು ಆಡುತ್ತಿತ್ತು.

ಒಂದು ಭಾನುವಾರ ಗಣಿಯ ಗೇಟಿನ ಮುಂದೆ, ಲಾರಿಯ ಮೇಲೆ ಅವನ ಕಾರ್ಯಕ್ರಮ. ಅಂದು ಬೆಳಗ್ಗೆ ಅಣ್ಣ ಫೋನಿನಲ್ಲಿ ಪಿಸುಗುಟ್ಟಿದ್ದು ಕೇಳಿಸಿತು: "ಈ ಸಲ ದವಡೆನೇ ಮುರಿಯೋಣ. ಮತ್ತೆ ಉಸಿರೆತ್ತಬಾರದು."

ನಾನು ಓಡಿದೆ. ಲಾರಿಯ ಹಿಂದೆ ವೆಹಿದ್ ಮೈಕಿನ ತಂತಿ ಬಿಡಿಸುತ್ತಿದ್ದ.

"ಹಾಡಬೇಡ. ಅವರು ಬರ್ತಿದ್ದಾರೆ."

"ಯಾರು? ನಿನಗೆ ಹೇಗೆ ಗೊತ್ತು?"

"ನಿನ್ನ ಹಲ್ಲು ಮುರಿದವನು ನನ್ನ ಅಣ್ಣ."

ಅವನ ಮುಖದ ಬಣ್ಣ ಇಳಿಯಿತು. "ಎಷ್ಟು ದಿನದಿಂದ ಗೊತ್ತು?"

"ಮೊದಲ ದಿನದಿಂದ."

"ನನ್ನ ಜೊತೆ ಕೂತು ಕಾಫಿ ಕುಡಿದ್ಯಲ್ಲ ರುಸ್ಮಿರಾ! ಅವನೇ ಕಳಿಸಿದ್ನಾ?"

ಉತ್ತರಕ್ಕೆ ಕಾಯದೆ ಲಾರಿ ಹತ್ತಿದ. ಎರಡನೆಯ ಹಾಡಿಗೆ ಗುಂಪು ಸೀಳಿತು. ಕಬ್ಬಿಣದ ಸರಳು ಹಿಡಿದ ನಾಲ್ವರು, ಮುಂದೆ ಜೇವಾದ್. ಡ್ರಮ್ ಬಾರಿಸುವವನ ತಲೆ ಒಡೆಯಿತು. ಅಣ್ಣ ವೆಹಿದ್‌ನ ಮೇಲೆ ಸರಳೆತ್ತಿದಾಗ ನಾನು ನಡುವೆ ನುಗ್ಗಿ ಕೈ ಅಡ್ಡ ಹಿಡಿದೆ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು.

ಅಣ್ಣನ ಕೈಯಿಂದ ಸರಳು ಜಾರಿತು. "ತಂಗೀ..." ಅಂದ. ಮುಂದಿನ ಮಾತು ಹೊರಡುವಷ್ಟರಲ್ಲಿ ವೆಹಿದ್ ಮೈಕಿನ ಕಬ್ಬಿಣದ ಕಂಬ ಬೀಸಿದ. ಒಂದು ಸಲ. ಅಣ್ಣ ಬಿದ್ದ ಮೇಲೆ ಇನ್ನೊಂದು ಸಲ.

"ಸಾಕು! ಅವನ ಕೈಲಿ ಏನೂ ಇಲ್ಲ ನೋಡು!" ಕಿರುಚಿದೆ.

ವೆಹಿದ್ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ.

ಅಣ್ಣನ ಎಡಗಣ್ಣು ಹೋಯಿತು. ಮೊಕದ್ದಮೆ ಬಂದಾಗ ನಾನು ಅಣ್ಣನ ವಿರುದ್ಧವೇ ಸಾಕ್ಷಿ ಹೇಳಿದೆ. ಫಾಝ್ಲಿಚ್‌ನ ಹೆಸರನ್ನೂ ಹೇಳಿದೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಳು.

ನ್ಯಾಯಾಧೀಶೆ ಕೇಳಿದರು: "ಜೇವಾದ್‌ನ ಕಣ್ಣಿಗೆ ಹೊಡೆದವರು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಗಣಿಯ ಜನ ಒಬ್ಬೊಬ್ಬರಾಗಿ ಎದ್ದು, ನೋಡಲಿಲ್ಲ ಅಂದರು. ನೂಕುನುಗ್ಗಲಲ್ಲಿ ಬಿದ್ದ ಅಂದರು. ವೆಹಿದ್‌ನ ಪಕ್ಕ ಕೂತಿದ್ದ ವಕೀಲ ಅವನ ತೋಳು ಹಿಡಿದ. ಶಿಕ್ಷೆಯಾದರೆ ವೀಸಾ ಇಲ್ಲ, ವಿಯೆನ್ನಾ ಇಲ್ಲ, ಏನೂ ಇಲ್ಲ.

ವೆಹಿದ್ ತೋಳು ಬಿಡಿಸಿಕೊಂಡು ಎದ್ದ. "ನಾನೇ ಹೊಡೆದೆ. ಮೊದಲ ಏಟು ಅವಳನ್ನ ಉಳಿಸೋಕೆ. ಎರಡನೇದು ಬರೀ ಸಿಟ್ಟಿಗೆ."

ಅಣ್ಣ ತನ್ನ ಒಂದು ಕಣ್ಣಿನಿಂದ ಅವನನ್ನೇ ನೋಡುತ್ತಿದ್ದ.

ತೀರ್ಪಿಗೆ ಕಾಯುತ್ತ ಹೊರಗೆ ಬಂದಾಗ ಮೊಗಸಾಲೆಯಲ್ಲಿ ಅಮ್ಮ ಅವನನ್ನು ಅಡ್ಡಗಟ್ಟಿ ಕೆನ್ನೆಗೆ ಬಾರಿಸಿದಳು. ತುಟಿ ಒಡೆಯಿತು. ಅವನು ತಲೆ ತಗ್ಗಿಸಿ ನಿಂತೇ ಇದ್ದ. ಎರಡನೆಯ ಸಲಕ್ಕೆ ಎತ್ತಿದ ಕೈಯನ್ನು ಅಮ್ಮ ನಿಧಾನವಾಗಿ ಇಳಿಸಿ, ಬೆಂಚಿನ ಮೇಲೆ ಕೂತು ಅತ್ತಳು.

ನಾನು ಕರವಸ್ತ್ರದಿಂದ ಅವನ ತುಟಿ ಒತ್ತಿದೆ.

"ನಿನ್ನ ಮೇಲೆ ಅನುಮಾನಪಟ್ಟೆ," ಅಂದ. "ಈಗ ಯಾವ ಮುಖ ಇಟ್ಕೊಂಡು ಕ್ಷಮೆ ಕೇಳ್ಲಿ?"

"ಕೇಳ್ಬೇಡ. ಅಣ್ಣನ ಆ ಕಣ್ಣು ಮರೆಯೋಕೆ ನನ್ನಿಂದ ಆಗಲ್ಲ ವೆಹಿದ್. ನಿನ್ನನ್ನ ಬಿಟ್ಟಿರೋಕೂ ಆಗಲ್ಲ. ಎರಡನ್ನೂ ಹೊತ್ಕೊಂಡು ನನ್ನ ಜೊತೆ ಬದುಕ್ತೀಯಾ?"

ಅವನು ನನ್ನ ಮುರಿದು ಕೂಡಿದ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತಗೊಂಡು ಹಣೆಗೆ ಒತ್ತಿಕೊಂಡ. ಒಪ್ಪಿ ತಲೆಯಾಡಿಸಿದ.