ಆಕಾಶದ ಪೆಟ್ಟಿಗೆಗೆ ತೆಂಗಿನಕಾಯಿ

ಕರಿಸಿದ್ದಪ್ಪನ ಕೊಡಲಿ ನನ್ನ ಎದೆಗೆ ತಾಗಿತ್ತು.

"ಇನ್ನೊಂದು ಹೆಜ್ಜೆ ಇಟ್ರೆ ಕಾಲು ಇರಲ್ಲ," ಅಂದ.

ನಿಂತೆ. ನನಗೆ ಎರಡು ಕಾಲೂ ಬೇಕಾಗಿದ್ದವು.

ನಾನು ಜಂಬಣ್ಣ. ಪೊಲೀಸ್ ಕೆಲಸ ಬಿಟ್ಟವನು. ಕಳೆದದ್ದನ್ನು ಹುಡುಕಿಕೊಡೋದು ಈಗಿನ ಕಸುಬು. ಈ ಸಲ ಕಳೆದದ್ದು ಗಾಳಿ, ಬಿಸಿಲು ಅಳೆಯುವ ಯಂತ್ರಗಳಿದ್ದ ಒಂದು ಪೆಟ್ಟಿಗೆ... ಭಾರಿ ಬಲೂನಿನಲ್ಲಿ ಆಕಾಶದ ಅಂಚಿಗೆ ಹೋಗಿ, ಪ್ಯಾರಾಚೂಟ್ ಬಿಚ್ಚಿಕೊಂಡು ಬೆಳಗ್ಗೆ ಹಿರಿಯೂರಿನಾಚೆಯ ಕುರಿಹಟ್ಟಿಗೆ ಇಳಿದಿತ್ತು. ಒಂದು ಮರಿಗೂ ತಾಗಿರಲಿಲ್ಲ.

ಅದೇ ತೊಂದರೆಯಾಯಿತು. ಮೇಲಿಂದ ಇಳಿದೂ ಯಾರನ್ನೂ ನೋಯಿಸಲಿಲ್ಲ ಅಂದರೆ ದೇವರೇ ಸರಿ! ಹಟ್ಟಿಯವರು ಅದಕ್ಕೆ ಅರಿಶಿನ ಕುಂಕುಮ ಬಳಿದಿದ್ದರು. ಕರಿಸಿದ್ದಪ್ಪನ ತಾಯಿ ದುರುಗಕ್ಕ ಪೆಟ್ಟಿಗೆಗೆ ಹಣೆ ಹಚ್ಚಿ ಕುಳಿತಿದ್ದಳು. ಸುತ್ತ ಇಪ್ಪತ್ತು ಜನ.

ನನ್ನ ಹಿಂದೆ ಎಂಜಿನಿಯರ್ ಚಿತ್ರಲಿಂಗಪ್ಪ. ಪೆಟ್ಟಿಗೆ ಅವರದೇ. ಕಣ್ಣಲ್ಲಿ ನೀರು.

"ಒಂದು ಗೀರೂ ಬಿದ್ದಿಲ್ಲ ಜಂಬಣ್ಣ... ಸೇಫಾಗಿ ಬಂದೈತೆ."

ಮರುಕ್ಷಣ ಮುಖ ಬಿಳಿಚಿತು.

"ಏನಾತು ಸಾರ್?"

"ಆ ಮೂಲೇಲಿ ಕೆಂಪು ಡಬ್ಬಿ... ಅದ್ರಾಗೆ ಮದ್ದೈತೆ. ನೆಲ ಮುಟ್ಟಿದ ಏಟಿಗೆ ಸಿಡಿದು ಪ್ಯಾರಾಚೂಟಿನ ಹಗ್ಗ ಕತ್ತರಿಸಬೇಕಿತ್ತು. ಸಿಡಿದಿಲ್ಲ."

"ಈಗ ಏಟು ಬಿದ್ರೆ?"

"ಸಿಡೀಬೋದು."

"ಯಾವ ಕಾಲದ ಡಿಸೈನು?"

"ಅರವತ್ತಮೂರನೇ ಇಸವೀದು. ಬದಲಾಯಿಸಾಣ ಅಂತ ಬರೆದಿದ್ದೆ. ಇಲ್ಲೀತನಕ ನಡೆದೈತಲ್ಲ ಅಂದ್ರು ಮೇಲಿನೋರು."

ಈಗ ಎಪ್ಪತ್ತಾರನೇ ಇಸವಿ.

ಅಷ್ಟರಲ್ಲಿ ಕರಿಸಿದ್ದಪ್ಪ ಕೊಡಲಿ ಇಟ್ಟು ತೆಂಗಿನಕಾಯಿ ಎತ್ತಿಕೊಂಡ. ಹೊಸ ದೇವರ ಮುಂದೆ ಕಾಯಿ ಒಡೆಯುವ ಕಲ್ಲು ಇನ್ನೂ ಹಾಕಿರಲಿಲ್ಲ. ಅವನ ಕಣ್ಣಿಗೆ ಗಟ್ಟಿಯಾಗಿ ಕಂಡದ್ದು ಆ ಕೆಂಪು ಡಬ್ಬಿ.

"ಒಡೀಬ್ಯಾಡ ಮಾರಾಯ, ಮದ್ದೈತೆ!" ಅಂತ ಕೂಗಿದೆ.

"ದೇವ್ರನ್ನ ಎತ್ಕಂಡು ಹೋಗಾಕೆ ಸುಳ್ಳು ಬ್ಯಾರೆ?"

ಕಾಯಿ ಮೇಲೆದ್ದಿತು. ನುಗ್ಗಿ ಎರಡೂ ಕೈಯನ್ನು ಪೆಟ್ಟಿಗೆಯ ಮೇಲಿಟ್ಟೆ.

"ನಮ್ಮನೇಲಿ ಸೂತಕ. ನಿನ್ನೆ ಅಪ್ಪನ್ನ ಮಣ್ಣು ಮಾಡಿ ಬಂದೀನಿ."

ಕಾಯಿ ಅಲ್ಲೇ ನಿಂತಿತು. ದುರುಗಕ್ಕ ಹಾವು ಕಂಡವಳಂತೆ ಹಿಂದೆ ಸರಿದಳು. ಸಾವಿನ ಮನೆಯವನು ಮುಟ್ಟಿದ ಮೇಲೆ ಎಲ್ಲಿಯ ಪೂಜೆ? ಇಪ್ಪತ್ತು ಜನವೂ ಇಪ್ಪತ್ತು ಮಾರು ದೂರ ಹೋದರು.

"ಬಿಚ್ರಿ ಸಾರ್, ಬೇಗ."

ಚಿತ್ರಲಿಂಗಪ್ಪ ಸ್ಕ್ರೂಡ್ರೈವರ್ ಹಿಡಿದು ಕೂತರು. ಒಂದು ಸ್ಕ್ರೂ... ಎರಡು... ಡಬ್ಬಿ ಕೈಗೆ ಬಂತು. ಕಸಿದು ಹಳ್ಳದೊಳಕ್ಕೆ ಎಸೆದೆ.

ಢಂ!

ಮಣ್ಣು ಆಳೆತ್ತರ ಎದ್ದಿತು. ಕುರಿಗಳು ದಿಕ್ಕಾಪಾಲು.

"ಸೂತಕದ ಕೈ ಮುಟ್ಟಿದ್ದಕ್ಕೆ ದೇವ್ರಿಗೆ ಸಿಟ್ಟು ಬಂತು! ಹಿಡೀರಲೇ ಅವ್ನನ್ನ!" ಕರಿಸಿದ್ದಪ್ಪ ಅರಚಿದ.

ಪೆಟ್ಟಿಗೆಯನ್ನು ಜೀಪಿಗೆ ಹಾಕಿ ಓಟ ಕಿತ್ತೆವು. ಒಂದು ಕಲ್ಲು ಜೀಪಿನ ಟಾರ್ಪಾಲನ್ನು ಹರಿಯಿತು. ಇನ್ನೊಂದು ನನ್ನ ಕಿವಿಯನ್ನು ಹರಿಯಿತು. ನಾಯಿಗಳು ಒಂದು ಮೈಲಿ ಬಂದವು. ದುರುಗಕ್ಕ ನನ್ನ ಏಳು ತಲೆಮಾರಿಗೆ ಶಾಪ ಹಾಕುತ್ತಿದ್ದಳು. ಬಯ್ಯುವಷ್ಟು ಗಟ್ಟಿಯಾಗಿ ಉಳಿದಿದ್ದಾಳಲ್ಲ ಅಂತ ಆ ದನಿ ಕೇಳಿ ನನಗೆ ನಿಜವಾಗಿ ಸಮಾಧಾನವಾಯಿತು.

ಹೆದ್ದಾರಿ ಸಿಕ್ಕಿತು. ಚಿತ್ರಲಿಂಗಪ್ಪ ತೊಡೆಯ ಮೇಲೆ ಕಾಗದ ಇಟ್ಟು ಬರೆಯತೊಡಗಿದರು.

"ಏನ್ ಬರೀತೀರಿ?"

"ಪೆಟ್ಟಿಗೆ ಕ್ಷೇಮ, ಡಿಸೈನ್ ತೃಪ್ತಿಕರ ಅಂತ. ನಿಜ ಬರೆದ್ರೆ ಮುಂದಿನ ಬಲೂನು ನಿಲ್ಲಿಸ್ತಾರೆ."

ಕಿವಿಗೆ ಕರವಸ್ತ್ರ ಒತ್ತಿ ಹಿಡಿದು ಒಂದೇ ಕೈಯಲ್ಲಿ ಓಡಿಸಿದೆ.

"ನಿಮ್ಮ ತಂದೆ ತೀರಿಕೊಂಡಿದ್ದು ಹೇಳಲೇ ಇಲ್ಲ ಜಂಬಣ್ಣ," ಅಂದರು ಮೆಲ್ಲಗೆ.

"ಹೊಳಲ್ಕೆರೇಲಿ ಗಟ್ಟಿಯಾಗಿ ಅವ್ರೆ. ಅವ್ರೂ ಹಳೇ ಡಿಸೈನೇ ಸಾರ್. ಆದ್ರೆ ಒಳಗೇನಾದ್ರೂ ಕೆಟ್ರೆ ಬಾಯಿಬಿಟ್ಟು ಹೇಳ್ತಾರೆ."