ವಾರಸುದಾರರಿಲ್ಲದ ಠೇವಣಿಗಳು

ಕಂಪನಿಯ ಮಾಲೀಕ ಮಹಾದೇವ ಸಾವುಕಾರರು ವಾರ್ಷಿಕ ಲೆಕ್ಕಪತ್ರದ ಹನ್ನೊಂದನೆಯ ಪುಟ ತೆಗೆದು, ಲೆಕ್ಕ ಇಡುವ ನೀತಿಗಳಲ್ಲಿ ಏಳನೆಯದರ ಮೇಲೆ ಬೆರಳಿಟ್ಟು, ಪುಸ್ತಕವನ್ನು ಭಾಗೀರಥಿಯ ಕಡೆಗೆ ತಿರುಗಿಸಿದರು.

"ಓದ್ರಿ ಅಕ್ಕಾರ. ನೀವ ಟೈಪ್ ಮಾಡಿದ್ದು."

ಓದುವ ಅಗತ್ಯವಿರಲಿಲ್ಲ. ಮನೆಗಳಿಗೆ ಹೋಗಿ ಉಪಕರಣ ಜೋಡಿಸುವವರು, ದುರಸ್ತಿ ಮಾಡುವವರು ಸ್ವತಂತ್ರ ಗುತ್ತಿಗೆದಾರರು; ಅವರಿಗೆ ಕೊಟ್ಟದ್ದು ಸೇವಾ ವೆಚ್ಚ, ಸಂಬಳವಲ್ಲ; ಅವರ ಬಗ್ಗೆ ಕಂಪನಿಗೆ ಬೇರೆ ಹೊಣೆಯಿಲ್ಲ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಅದೇ ಮೂರು ಸಾಲನ್ನು ಅವಳು ಹೊಸ ಪುಸ್ತಕಕ್ಕೆ ಇಳಿಸುತ್ತಿದ್ದಳು. ಒಂಬತ್ತು ದಿನಗಳ ಹಿಂದೆ ಅವಳ ಗಂಡ ವಿರೂಪಾಕ್ಷ, ಮುನವಳ್ಳಿಯ ಒಂದು ಮನೆಯ ಮಾಳಿಗೆಯ ಮೇಲೆ ಇದೇ ಕಂಪನಿಯ ಸೋಲಾರ್ ಟ್ಯಾಂಕ್ ಕೂರಿಸುವಾಗ ಕೆಳಗೆ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ.

"ನಂದೇನೂ ಇಲ್ರಿ ಅಕ್ಕಾರ. ಕಾಗದ ಏನ್ ಹೇಳತೈತಿ ಅದು," ಎಂದು ಸಾವುಕಾರರು ಐದು ಸಾವಿರ ರೂಪಾಯಿಯ ಲಕೋಟೆಯೊಂದನ್ನು ಪುಸ್ತಕದ ಮೇಲಿಟ್ಟರು.

ಅವಳು ಲಕೋಟೆ ತೆಗೆದುಕೊಂಡಳು. ಅದನ್ನು ಬೇಡವೆನ್ನುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಹೊಂಬಿಸಿಲು ಎನರ್ಜಿ ಅಂಡ್ ಹೋಮ್ ಸರ್ವಿಸಸ್ ಎಂಬ ಆ ಕಂಪನಿಯ ಮುಖ್ಯ ಕಚೇರಿ ಬೈಲಹೊಂಗಲದಲ್ಲಿತ್ತು. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಶಾಖೆಗಳಿದ್ದವು. ಬಿಸಿನೀರಿನ ಸೋಲಾರ್ ಜೋಡಿಸುವುದು, ಒಲೆ ದುರಸ್ತಿ ಮಾಡುವುದು, ಬಾಡಿಗೆಗೆ ಸೋಲಾರ್ ದೀಪದ ಸೆಟ್ ಕೊಡುವುದು ಅದರ ಕೆಲಸ. ಹತ್ತೊಂಬತ್ತು ವರ್ಷದಿಂದ ಅದರ ಲೆಕ್ಕ ಭಾಗೀರಥಿಯ ಕೈಯಲ್ಲಿತ್ತು. ಹುಬ್ಬಳ್ಳಿಯ ಡಾಕ್ಟರರು ಆಪರೇಷನ್ನಿಗೆ ಐದೂವರೆ ಲಕ್ಷ ಹೇಳಿದರು. ಮಾಡಿಸಿದರೆ ಕೂತುಕೊಂಡಾನು, ನಡೆಯುವ ಮಾತು ಆಮೇಲೆ ನೋಡೋಣ ಎಂದರು. ಅವಳು ತಾಳಿ ಒಂದನ್ನುಳಿದು ಇದ್ದ ಬಂಗಾರವನ್ನೆಲ್ಲ ಅಡವಿಟ್ಟಳು, ತವರಿನವರ ಮುಂದೆ ಸೆರಗೊಡ್ಡಿದಳು. ಆಪರೇಷನ್ ಆಯಿತು. ಆರು ತಿಂಗಳಾಗುವಷ್ಟರಲ್ಲಿ ಕೊಟ್ಟವರೆಲ್ಲ ಒಬ್ಬೊಬ್ಬರಾಗಿ ಬಾಗಿಲಿಗೆ ಬರತೊಡಗಿದರು.

ಆಗ ಅವಳು ಆ ಹನ್ನೊಂದನೆಯ ಪುಟವನ್ನು ಮತ್ತೆ ಓದಿದಳು. ಈ ಸಲ ಏಳನೆಯದನ್ನು ಬಿಟ್ಟು, ಉಳಿದವನ್ನು.

ನಾಲ್ಕನೆಯ ನೀತಿ ಠೇವಣಿಯದು. ದೀಪದ ಸೆಟ್ ಪಡೆದವರು ನಾಲ್ಕು ಸಾವಿರದ ಎಂಟುನೂರು ಠೇವಣಿ ಇಡಬೇಕು. ಸೆಟ್ ಮರಳಿಸಿದಾಗ ಅದು ವಾಪಸ್. ಗ್ರಾಹಕ ಮೂರು ವರ್ಷ ಕೇಳದಿದ್ದರೆ ಆ ಹಣ ಕಂಪನಿಯ ಆದಾಯಕ್ಕೆ ಜಮೆ. ಐದನೆಯದು ಸವಕಳಿಯದು: ಐದು ವರ್ಷ ದಾಟಿದ ಸೆಟ್ಟಿನ ಬೆಲೆ ಪುಸ್ತಕದಲ್ಲಿ ಒಂದು ರೂಪಾಯಿ. ಒಂದು ರೂಪಾಯಿಯ ವಸ್ತು ಗೋದಾಮಿಗೆ ಬಂತೋ ಇಲ್ಲವೋ ಎಂದು ಯಾರೂ ಎಣಿಸುವುದಿಲ್ಲ. ಒಂಬತ್ತನೆಯದು ಸಣ್ಣ ಖರ್ಚಿನದು: ಐದು ಸಾವಿರದೊಳಗಿನ ಪಾವತಿಗಳ ವೋಚರುಗಳು ಆಯಾ ಶಾಖೆಯಲ್ಲೇ ಇರತಕ್ಕದ್ದು, ಲೆಕ್ಕ ತಪಾಸಣೆಗೆ ಮೊತ್ತ ಮಾತ್ರ ಸಾಕು.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ದಾರಿ ತಾನಾಗಿ ಕಾಣಿಸಿತು. ಸವದತ್ತಿ ಶಾಖೆಯಲ್ಲಿ ಗುಮಾಸ್ತರಿರಲಿಲ್ಲ. ಶನಿವಾರ ಅವಳೇ ಬಸ್ಸಿನಲ್ಲಿ ಹೋಗಿ ನಗದು ತಾಳೆ ನೋಡಿ ಬರುತ್ತಿದ್ದಳು. ಅಲ್ಲಿನ ಗ್ರಾಹಕರ ಪಟ್ಟಿಯಲ್ಲಿ ಎಷ್ಟೋ ಹೆಸರುಗಳ ಮುಂದೆ ಮೆಕ್ಯಾನಿಕ್‌ಗಳು ಬರೆದು ಕಳಿಸಿದ ಷರಾ ಇತ್ತು: ತೀರಿಕೊಂಡಿದ್ದಾರೆ, ಮನೆಗೆ ಬೀಗ, ಹಿಂದೆ ಯಾರಿಲ್ಲ. ಅಂಥ ನೂರ ಹದಿನೆಂಟು ಹೆಸರುಗಳನ್ನು ಅವಳು ಆರಿಸಿದಳು. ವಾರಸುದಾರರ ಸುಳಿವಿರುವ ಒಂದನ್ನೂ ಮುಟ್ಟಲಿಲ್ಲ. ಸತ್ತವರ ಹಣವನ್ನು ಮೂರು ವರ್ಷ ಕಾದು ಕಂಪನಿ ನುಂಗುತ್ತಿತ್ತು. ಅವಳು ಅದಕ್ಕಿಂತ ಸ್ವಲ್ಪ ಮೊದಲು ಕೈ ಹಾಕಿದಳು. ವಾರಕ್ಕೆ ಎರಡು ಹೆಸರು, ಅಪರೂಪಕ್ಕೆ ಮೂರು. ಭಾನುವಾರಗಳನ್ನು ಬಿಟ್ಟಳು. ಎಲ್ಲಮ್ಮನ ಹುಣ್ಣಿಮೆಗೆ ಶಾಖೆ ಮುಚ್ಚಿರುತ್ತದೆಂದು ಆ ದಿನಾಂಕಗಳನ್ನೂ ಬಿಟ್ಟಳು. ಠೇವಣಿ ಮರಳಿಸಲಾಗಿದೆ ಎಂದು ಕಂಪ್ಯೂಟರಿನಲ್ಲಿ ಬರೆದು, ಆರುನೂರಾ ಒಂದರಿಂದ ಶುರುವಾಗುವ ವೋಚರ್ ಸಂಖ್ಯೆ ಕೊಟ್ಟು, ಅಷ್ಟು ನಗದನ್ನು ಶನಿವಾರ ಶಾಖೆಯ ಪೆಟ್ಟಿಗೆಯಿಂದ ತೆಗೆದುಕೊಂಡಳು. ಆ ಸಂಖ್ಯೆಯ ವೋಚರ್ ಪುಸ್ತಕವೇ ಇರಲಿಲ್ಲ. ಸುಳ್ಳು ಕಾಗದಕ್ಕಿಂತ ಇಲ್ಲದ ಕಾಗದ ವಾಸಿ ಎಂಬುದು ಅವಳ ಲೆಕ್ಕ. ಇಲ್ಲದ ಕಾಗದದಲ್ಲಿ ಕೈಬರಹ ಇರುವುದಿಲ್ಲ.

ಎರಡು ಸಾವಿರದ ಇಪ್ಪತ್ತಮೂರರ ಫೆಬ್ರುವರಿಯಿಂದ ಮರುವರ್ಷದ ಮಾರ್ಚ್‌ವರೆಗೆ ಐದು ಲಕ್ಷ ಅರವತ್ತಾರು ಸಾವಿರದ ನಾನೂರು ರೂಪಾಯಿ ಹೀಗೆ ಹೊರಬಂತು. ಸಾಲ ತೀರಿತು. ಅದಕ್ಕಿಂತ ಹೆಚ್ಚಿಗೆ ಒಂದು ರೂಪಾಯಿಯನ್ನೂ ಅವಳು ತನಗೆಂದು ಬಳಸಲಿಲ್ಲ. ಆ ಏಪ್ರಿಲ್‌ನಲ್ಲಿ ಸವದತ್ತಿ ಶಾಖೆಯನ್ನು ಮುಚ್ಚಿ, ಅದರ ಕಾಗದಗಳನ್ನು ಗೋಣಿಚೀಲಕ್ಕೆ ತುಂಬಿ ಬೈಲಹೊಂಗಲದ ಗೋದಾಮಿಗೆ ತಂದು ಹಾಕಿದರು. ಮುದಿ ಆಡಿಟರರು ಎಂದಿನಂತೆ ಮೊತ್ತ ನೋಡಿ, ಚಹಾ ಕುಡಿದು, ಸಹಿ ಹಾಕಿ ಹೋದರು. ಮುಗಿದ ವರ್ಷದ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ ಎಂಬುದನ್ನು ಇಷ್ಟು ವರ್ಷ ಅವಳು ಕಣ್ಣಾರೆ ಕಂಡಿದ್ದಳು.

ಮರುವರ್ಷ ಸಾವುಕಾರರಿಗೆ ಬ್ಯಾಂಕಿನ ದೊಡ್ಡ ಸಾಲ ಬೇಕಾಯಿತು. ಬ್ಯಾಂಕಿನವರು ಹೊಸ ಆಡಿಟರ್ ಆಗಬೇಕೆಂದರು. ಹಾಗೆ ಬಂದವಳು ಪ್ರಜ್ಞಾ ಕಾಂಬಳೆ. ಮೂವತ್ತೈದರ ಆಸುಪಾಸಿನವಳು, ಬೆಳಗಾವಿಯಿಂದ ದಿನಾ ಬೆಳಿಗ್ಗೆ ಬಸ್ಸಿಗೆ ಬರುವವಳು, ಮೆಲ್ಲಗೆ ಮಾತಾಡುವವಳು. ಮೂರನೆಯ ದಿನ ಅವಳು ಹನ್ನೊಂದನೆಯ ಪುಟವನ್ನು ಸಾವುಕಾರರ ಮುಂದಿಟ್ಟಳು. ಭಾಗೀರಥಿ ಅಲ್ಲೇ ನಿಂತಿದ್ದಳು.

"ಈ ಏಳನೇ ನೀತಿ ನಿಲ್ಲಂಗಿಲ್ರಿ. ಹದಿನಾಲ್ಕು ವರ್ಷ ನಿಮ್ಮ ಗಾಡಿ ಹತ್ತಿ, ನಿಮ್ಮ ಅಂಗಿ ಹಾಕ್ಕೊಂಡು, ನೀವು ಹೇಳಿದ ಮನಿಗೆ ಹೋದಂವ ಗುತ್ತಿಗೆದಾರ ಹೆಂಗಾಗ್ತಾನ್ರಿ? ಅಂವ ನೌಕರ."

ಬ್ಯಾಂಕಿನ ಸಾಲ ಪ್ರಜ್ಞಾಳ ಸಹಿಯ ಮೇಲೆ ನಿಂತಿತ್ತು. ಸಾವುಕಾರರು ಕಿಟಕಿಯ ಹೊರಗೆ ನೋಡಿದರು.

"ಆತು, ಮುಂದಿನ ವರ್ಷದಿಂದ ಬದಲಿ ಮಾಡೂಣಂತ."

"ಮುಂದಿನ ವರ್ಷದಿಂದ ಅಲ್ರಿ. ತಪ್ಪಂತ ಗೊತ್ತಾದ ಮ್ಯಾಲ ಹಿಂದಿಂದೂ ತಿದ್ದಬೇಕು. ನಾಕು ವರ್ಷದ ಪುಸ್ತಕ ತಗಸ್ರಿ." ಪ್ರಜ್ಞಾ ಭಾಗೀರಥಿಯತ್ತ ತಿರುಗಿ ದನಿ ಇನ್ನೂ ತಗ್ಗಿಸಿದಳು. "ಅಕ್ಕಾರ, ನಿಮ್ಮ ಯಜಮಾನರ ವಿಷಯ ಕೇಳೇನ್ರಿ. ಅವರೂ ನೌಕರರ. ಹನ್ನೊಂದು ಲಕ್ಷಕ್ಕ ಕಡಿಮಿ ಪರಿಹಾರ ಬರಂಗಿಲ್ಲ. ನಾ ಬರದ ಕೊಡ್ತೇನಿ."

ಭಾಗೀರಥಿ ನಾಲ್ಕು ವರ್ಷಗಳನ್ನು ಹಿಂದಕ್ಕೆ ಎಣಿಸಿದಳು. ಸವದತ್ತಿಯ ಆ ನೂರ ಹದಿನೆಂಟು ಹೆಸರುಗಳು ಅದರೊಳಗೇ ಬರುತ್ತಿದ್ದವು.

"ಮೆಕ್ಯಾನಿಕರ ದಿನಗೂಲಿ ಚೀಟಿ ಎಲ್ಲಾ ಸಣ್ಣ ವೋಚರಿನ್ಯಾಗ ಕೂಡ್ಯಾವು. ಅದಕ್ಕ ನಾಲ್ಕೂ ಕಡೀ ವೋಚರ್ ಒಂದೂ ಬಿಡದಂಗ ಬೇಕ್ರಿ. ನಂಬರ ಪ್ರಕಾರ. ಒಂದ ಪುಸ್ತಕ ಕಳೆದೈತಿ ಅಂದ್ರೂ ಸಾವುಕಾರರ ವಕೀಲರು ಅದನ್ನ ಹಿಡ್ಕೊಂಡು ಇಡೀ ಪರಿಹಾರ ಕೆಡಸ್ತಾರ. ಹತ್ತು ದಿನ ಸಾಕೇನ್ರಿ?"

"ಸಾಕ್ರಿ," ಎಂದಳು ಭಾಗೀರಥಿ.

ನಿಜ ಹೇಳಿಬಿಡಲೇ ಎಂದು ಬಸ್ ಸ್ಟ್ಯಾಂಡಿನವರೆಗೂ ಯೋಚಿಸಿದಳು. ಹೇಳಿದರೆ ಜೈಲು, ಹಾಸಿಗೆಯಲ್ಲಿರುವವನ ಬಾಯಿಗೆ ಅನ್ನ ಇಡುವವರಿಲ್ಲ. ಚೀಲವನ್ನು ಗೆದ್ದಲು ತಿಂದಿತು ಎಂದರೆ ಪರಿಹಾರ ಹೋಗುತ್ತದೆ. ಉಳಿದದ್ದು ಒಂದೇ. ಎರಡು ವರ್ಷ ಯಾವ ಕಾಗದವನ್ನು ಹುಟ್ಟಿಸದೆ ಬಚಾವಾಗಿದ್ದಳೋ ಆ ಕಾಗದವನ್ನು ಈಗ ಹುಟ್ಟಿಸಬೇಕಿತ್ತು. ಆಗಲಿ, ಅದನ್ನೂ ಒಪ್ಪವಾಗಿಯೇ ಮಾಡುತ್ತೇನೆ ಎಂದುಕೊಂಡಳು.

ಬೈಲಹೊಂಗಲ, ಸವದತ್ತಿಗಳಲ್ಲಿ ಅವಳ ಮುಖ ಪರಿಚಿತ. ಅದಕ್ಕೆ ರಾಮದುರ್ಗಕ್ಕೆ ಹೋದಳು. ಅಲ್ಲಿನ ಶಾಖೆ ಇರುವ ಓಣಿಯನ್ನು ತಪ್ಪಿಸಿ, ಸಂತೆಯ ಹಿಂದಿನ ಪುಟ್ಟ ಮುದ್ರಣಾಲಯವೊಂದನ್ನು ಹುಡುಕಿದಳು. ಯಜಮಾನ ಹಣಮಂತಪ್ಪನ ಮುಂದೆ ಸವದತ್ತಿ ಶಾಖೆಯ ಒಂದು ಹಳೆಯ ಖಾಲಿ ವೋಚರ್ ಇಟ್ಟಳು.

"ಇದರಂಗನ ಇರಬೇಕ್ರಿ. ಆರುನೂರಾ ಒಂದರಿಂದ ಎಂಟುನೂರರತನಕ ನಂಬರ. ಅಕ್ಷರ ಒಂದೂ ಆಚೀಚೆ ಆಗಬಾರದು."

"ನಲವತ್ತು ವರ್ಷ ಆತವ್ವ ಈ ಕೆಲಸ ಮಾಡಾಕತ್ತು," ಎಂದ ಹಣಮಂತಪ್ಪ. "ಕಾಗದ ಕೆಟ್ಟು ಬಂತಂತ ಯಾರೂ ತಿರುಗಿ ಬಂದಿಲ್ಲ."

ನಾಲ್ಕನೆಯ ದಿನ ಪುಸ್ತಕಗಳು ಕೈಸೇರಿದವು. ಕಂಪನಿಯ ಹೆಸರು, ವಿಳಾಸ, ಗೆರೆಗಳ ಅಂತರ, 'ಪಡೆದವರ ರುಜು ಅಥವಾ ಹೆಬ್ಬೆಟ್ಟು' ಎಂಬ ಸಾಲಿನ ವಾಲಿಕೆ, ಎಲ್ಲವನ್ನೂ ಹಳೆಯದರ ಪಕ್ಕ ಹಿಡಿದು ಮೂರು ಸಲ ತಾಳೆ ನೋಡಿದಳು. ರಜೆ ಹಾಕಿ ಮೂರು ದಿನ ಮಾಳಿಗೆಯ ಬಿಸಿಲಿಗೆ ಹಾಳೆ ಹರಡಿದಳು, ಅಂಚು ಹಳದಿಯಾಯಿತು. ಸವದತ್ತಿಯ ಗೋಣಿಚೀಲದೊಳಗಿನ ಧೂಳನ್ನೇ ತಂದು ಸವರಿದಳು. ಆರು ಬಣ್ಣ ಮಾಸಿದ ಪೆನ್ನುಗಳಿಂದ ತುಂಬಿದಳು. ಅಕ್ಷರ ಬರುವವರಿಗೆ ರುಜು ಹಾಕಿದಳು, ಒಬ್ಬೊಬ್ಬರಿಗೂ ಬೇರೆ ಓರೆಯಲ್ಲಿ. ಅರವತ್ತೇಳು ಹೆಬ್ಬೆಟ್ಟುಗಳು ಉಳಿದವು. ತನ್ನ ಹತ್ತು ಬೆರಳು ಸಾಲಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಮಸಿಯ ಡಬ್ಬಿಯನ್ನೂ ಕಾಗದಗಳನ್ನೂ ಗಂಡನ ಹಾಸಿಗೆಯ ಮೇಲಿಟ್ಟಳು. ಗೋಡೆಗೊರಗಿ ಕೂತಿದ್ದ ವಿರೂಪಾಕ್ಷ ಏನೆಂದು ಕೇಳದೆ ಕೈ ಚಾಚಿದ. ಅವಳು ಒಂದೊಂದೇ ಬೆರಳು ಹಿಡಿದು ಒತ್ತಿಸಿದಳು. ಏಳೆಂಟು ಹಾಳೆಯಾದ ಮೇಲೆ ಅವನು ಒಂದನ್ನು ಎತ್ತಿ ಓದಿದ.

"ಇದು ಬಾಯವ್ವಂದು."

"ಹೂಂ."

"ಇಕಿಗೆ ದೀಪ ಹಾಕಿ ಕೊಟ್ಟಾಂವ ನಾನು. ಮಜ್ಜಿಗಿ ಕೊಟ್ಟಿದ್ಳು. ಸತ್ತು ಐದ ವರ್ಷ ಆತು." ಅವನು ಇನ್ನೊಂದನ್ನು ನೋಡಿದ, ಮತ್ತೊಂದನ್ನು ನೋಡಿದ. ಆಮೇಲೆ ಓದುವುದನ್ನು ಬಿಟ್ಟ. "ಭಾಗೂ, ನನ್ನ ಆಪರೇಷನ್ ರೊಕ್ಕ ತವರಿನವರು ಕೊಟ್ರು ಅಂದಿದ್ದಿ."

"ಅವರ ಕೊಟ್ರು. ಅವರಿಗೆ ಇವರು ಕೊಟ್ರು," ಎಂದಳು ಅವಳು.

ಅವನು ಕೈಯಲ್ಲಿದ್ದ ಹಾಳೆಯನ್ನು ಹಾಸಿಗೆಯ ಮೇಲಿಟ್ಟ. "ನಾ ಅವತ್ತ ಸತ್ತಿದ್ರ ಛಲೋ ಇತ್ತು."

"ಬೆರಳ ಕೊಡ್ರಿ," ಎಂದಳು. ಕೊಟ್ಟ. ಅವನ ಕಣ್ಣಿನಿಂದ ನೀರಿಳಿದು ಕಾಗದದ ಮೇಲೆ ಬೀಳದಂತೆ ಅವಳು ಹಾಳೆಗಳನ್ನು ಸ್ವಲ್ಪ ಆಚೆ ಸರಿಸಿದಳು.

ಹತ್ತನೆಯ ದಿನ ನಾಲ್ಕೂ ಕಡೆಯ ವೋಚರುಗಳು ಕ್ರಮವಾಗಿ ಪ್ರಜ್ಞಾಳ ಮೇಜಿನ ಮೇಲಿದ್ದವು. ಎರಡು ದಿನ ಅವಳು ಒಂದೊಂದಕ್ಕೂ ಹಸಿರು ಗುರುತು ಹಾಕುತ್ತ ಹೋದಳು. ಆರುನೂರಾ ಒಂದು ಬಂತು. ಹಸಿರು ಗುರುತು ಬಿತ್ತು. ಬಾಯವ್ವನದು ಬಂತು, ಬಿತ್ತು. ಏಳುನೂರಾ ಹದಿನೆಂಟಕ್ಕೂ ಬಿತ್ತು. ಭಾಗೀರಥಿ ಎದುರಿನ ಮೇಜಿನಲ್ಲಿ ಕೂತು, ಬರೆಯುವಂತೆ ಪೆನ್ನು ಹಿಡಿದು, ಉಸಿರು ಎಣಿಸುತ್ತಿದ್ದಳು. ಸಂಜೆ ಐದಕ್ಕೆ ಪ್ರಜ್ಞಾ ಒಂದು ಹಾಳೆಯನ್ನು ಅವಳಿಗೆ ತೋರಿಸಿದಳು. ವಿರೂಪಾಕ್ಷನ ಹೆಸರು, ಅದರ ಮುಂದೆ ಹನ್ನೊಂದು ಲಕ್ಷ ನಲವತ್ತು ಸಾವಿರ.

"ನಾಳಿಗೆ ಸಹಿ ಆಗತೈತ್ರಿ ಅಕ್ಕಾರ. ಎಲ್ಲಾ ವೋಚರ್ ಸಿಕ್ವು ಅಂತನ ಇದು ಆತು."

ಭಾಗೀರಥಿ ಕೈಮುಗಿದಳು. ಪ್ರಜ್ಞಾ ಸಂಕೋಚದಿಂದ ನಕ್ಕು, ವೋಚರುಗಳನ್ನು ಕಟ್ಟಲೆಂದು ಜೋಡಿಸುತ್ತ, "ನಮ್ಮಪ್ಪ ಪ್ರೆಸ್ಸಿನ್ಯಾಗ ಅಚ್ಚಿನ ಮೊಳೆ ಜೋಡಸ್ತಿದ್ರು, ನಾ ಅಕ್ಷರ ಕಲತಿದ್ದ ಬಿಲ್ ಪುಸ್ತಕದ ಕೆಳಗಿನ ಸಾಲಿನ್ಯಾಗ," ಎಂದು ಮಾತಿಗೆ ಹೇಳಿದಳು. ಹಾಗೆ ಹೇಳುತ್ತಲೇ ಬಾಯವ್ವನ ವೋಚರನ್ನು ಕಣ್ಣಿನ ಹತ್ತಿರ ಹಿಡಿದಳು. ನಗು ನಿಂತಿತು. ಇನ್ನೊಂದನ್ನು ತೆಗೆದು ನೋಡಿದಳು, ಮತ್ತೆ ಕೊನೆಯದನ್ನು. ಮೂರನ್ನೂ ಮೇಜಿನ ಮೇಲೆ ಭಾಗೀರಥಿಯ ಕಡೆಗೆ ತಿರುಗಿಸಿ, ಕೆಳಗಿನ ಅಂಚಿಗೆ ಬೆರಳಿಟ್ಟಳು. ಎಲ್ಲ ಮುದ್ರಣಾಲಯದವರೂ ಪ್ರತಿ ಕೆಲಸದ ಕೆಳಗೆ ಎಳ್ಳುಗಾತ್ರದ ಅಕ್ಷರದಲ್ಲಿ ಹಾಕುವ, ಇಷ್ಟು ವರ್ಷ ಸಾವಿರಾರು ಕಾಗದಗಳ ಮೇಲೆ ಕಂಡೂ ಭಾಗೀರಥಿ ಒಮ್ಮೆಯೂ ಓದಿರದ ಸಾಲು ಅದು. ಬಾಯವ್ವನದರ ಮೇಲ್ಗಡೆ ಅವಳದೇ ಕೈಬರಹದ ತಾರೀಖು, ಎರಡು ಸಾವಿರದ ಇಪ್ಪತ್ತಮೂರರ ಮಾರ್ಚ್. ಕೆಳಗೆ ಹಣಮಂತಪ್ಪ ತನ್ನ ನಲವತ್ತು ವರ್ಷದ ರೂಢಿಯಂತೆ ಅಚ್ಚು ಹಾಕಿದ್ದ: ಹಣಮಂತಪ್ಪ ಪ್ರಿಂಟರ್ಸ್, ರಾಮದುರ್ಗ, 2 ಪುಸ್ತಕ, ಜೂನ್ 2025.